ಬಾಗಿಲು ಮುಚ್ಚುವುದು ಸಿದ್ಧತೆಯಲ್ಲ

ದಾವಣಗೆರೆಯಲ್ಲಿ ಎರಡು ಕೋಣೆಯ ಕ್ಲಿನಿಕ್ ನಡೆಸುವ ಯುವ ವೈದ್ಯರೊಬ್ಬರು ಕೇಳಿದ್ದಾರೆ: ‘ಇನ್‌ಫ್ಲುಯೆಂಜಾ (ಫ್ಲೂ) ಮಹಾಸೋಂಕು ಮತ್ತೆ ಬಂದರೆ ನಮ್ಮಂಥ ಸಣ್ಣ ಕ್ಲಿನಿಕ್‌ಗಳು ಬಾಗಿಲು ಹಾಕಿ, ರೋಗಿಗಳನ್ನು ದೊಡ್ಡಾಸ್ಪತ್ರೆಗೆ ಕಳುಹಿಸುವುದೇ ಲೇಸಲ್ಲವೇ? ತೆರೆದಿಡಲೇಬೇಕಾದರೆ ಸಾಲ ಮಾಡಿಯಾದರೂ ಗಾಜಿನ ಬಾಗಿಲು, ಎ.ಸಿ., ಗಾಳಿ ಶುದ್ಧಗೊಳಿಸುವ ಯಂತ್ರ ಹಾಕಿಸಬೇಕೇ?’

ಪ್ರಿಯ ಡಾಕ್ಟರೇ,

ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ, ಹಸುಗೂಸಿದೆ ಎಂದು ಬರೆದಿದ್ದೀರಿ. ನಿಮ್ಮ ಅಂಜಿಕೆ ಸಹಜವಾದದ್ದು. ಆದರೂ ಎರಡು ಪ್ರಶ್ನೆಗಳಿಗೂ ನನ್ನ ಉತ್ತರ ಒಂದೇ: ಬೇಡ. ಬಾಗಿಲೂ ಹಾಕಬೇಡಿ, ಗಾಜೂ ಹಾಕಿಸಬೇಡಿ.

ಜ್ವರ ಬಂದ ಹಮಾಲರು ಮೊದಲ ದಿನವೇ ದೊಡ್ಡಾಸ್ಪತ್ರೆಗೆ ಹೋಗುವುದಿಲ್ಲ, ನಿಮ್ಮಲ್ಲಿಗೆ ಬರುತ್ತಾರೆ. ನೀವು ಬೀಗ ಹಾಕಿದರೆ ಊರಿನ ಕೆಮ್ಮೆಲ್ಲ ಒಂದೇ ಕಾರಿಡಾರಿನಲ್ಲಿ ಸೇರುತ್ತದೆ. 2020ರಲ್ಲಿ ಇದನ್ನು ಕಣ್ಣಾರೆ ಕಂಡೆವು. ಸಕ್ಕರೆ ಕಾಯಿಲೆಯವರು, ಬಿ.ಪಿ.ಯವರು ಒಂದು ಚೀಟಿ ಬರೆಸಿಕೊಳ್ಳಲು ಬೀದಿ ಬೀದಿ ಅಲೆದರು. 2009ರ ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಎಚ್1ಎನ್1 (ಹಂದಿ ಜ್ವರ) ಮಹಾಸೋಂಕು ಘೋಷಿಸಿದ ಮೇಲೆ ಕೇಂದ್ರ ಆರೋಗ್ಯ ಇಲಾಖೆ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲು ಹೇಳಿದ್ದು ನಿಮಗೆ ತಿಳಿದೇ ಇದೆ. ಸಣ್ಣ ಜ್ವರ, ಕೆಮ್ಮಿನವರು ಪರೀಕ್ಷೆಯಿಲ್ಲದೆ ಮನೆಯಲ್ಲೇ ಇರಬೇಕು. ಜ್ವರ ಜೋರಾದವರಿಗೆ, ಅಪಾಯ ಹೆಚ್ಚಿರುವ ಗರ್ಭಿಣಿಯರಿಗೆ, ವೃದ್ಧರಿಗೆ ಮನೆಯಲ್ಲೇ ಒಸೆಲ್ಟಾಮಿವಿರ್ ಎಂಬ ಫ್ಲೂ ಔಷಧಿ. ಉಸಿರಾಟ ಕಷ್ಟವಾದವರು, ಎದೆನೋವಿನವರು, ಮಂಪರಿನಲ್ಲಿರುವವರು ತಕ್ಷಣ ಆಸ್ಪತ್ರೆಗೆ. ಈ ವಿಂಗಡಣೆಗೆ ಬೇಕಿರುವುದು ರೋಗಿಯ ಗುರುತಿರುವ ವೈದ್ಯ. ಅದು ನೀವೇ.

ಇನ್ನು ಗಾಳಿಯ ಮಾತು. 1977ರಲ್ಲಿ ಅಲಾಸ್ಕಾದಲ್ಲಿ 54 ಜನರಿದ್ದ ವಿಮಾನವೊಂದು ಎಂಜಿನ್ ಕೆಟ್ಟು ಸುಮಾರು ಮೂರು ಗಂಟೆ ನೆಲದ ಮೇಲೆಯೇ ನಿಂತಿತು. ಗಾಳಿ ಆಡಿಸುವ ವ್ಯವಸ್ಥೆ ಬಂದ್ ಆಗಿತ್ತು. ಒಳಗೆ ಫ್ಲೂ ತಗುಲಿದ ಒಬ್ಬರು ಕೆಮ್ಮುತ್ತಾ ಕುಳಿತಿದ್ದರು. ಮೂರು ದಿನಗಳಲ್ಲಿ ಪ್ರಯಾಣಿಕರಲ್ಲಿ ನೂರಕ್ಕೆ 72 ಮಂದಿ ಹಾಸಿಗೆ ಹಿಡಿದರು. ನೀವು ಸಾಲ ಮಾಡಿ ಕಟ್ಟಿಸಲು ಹೊರಟಿರುವ ಕೋಣೆ ಆ ವಿಮಾನವೇ ಸರಿ. ನಮ್ಮ ಅಂಗಡಿಗಳಲ್ಲಿ ಸಿಗುವ ಗೋಡೆ ಎ.ಸಿ. ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಂಪು ಮಾಡಿ ಮತ್ತೆ ಮುಖಕ್ಕೆ ಬೀಸುತ್ತದೆ. ಕಿಟಕಿಯೇ ಇಲ್ಲದ ಕೋಣೆಗೆ ಶೋಧಕ ಯಂತ್ರ ಉಪಯೋಗಕ್ಕೆ ಬರುತ್ತದೆ, ಒಪ್ಪುತ್ತೇನೆ. ಆದರೆ ನಿಮಗೆ ಎರಡು ಕಿಟಕಿಗಳಿವೆ ಎಂದು ನೀವೇ ಬರೆದಿದ್ದೀರಿ! ಎದುರುಬದುರಾಗಿದ್ದರೆ ಎರಡನ್ನೂ ತೆರೆಯಿರಿ. ಇಲ್ಲದಿದ್ದರೆ ಒಂದಕ್ಕೆ ಗಾಳಿಯನ್ನು ಹೊರದೂಡುವ ಫ್ಯಾನ್ ಕೂರಿಸಿ. 1918ರ ಫ್ಲೂ ಮಹಾಸೋಂಕಿನಲ್ಲಿ ಅಮೆರಿಕದ ಬಾಸ್ಟನ್ ಪಕ್ಕದ ಕೋರಿ ಗುಡ್ಡದ ಮೇಲೆ ಡೇರೆ ಹಾಕಿ, ರೋಗಿಗಳನ್ನು ಬಯಲ ಗಾಳಿಯಲ್ಲಿ, ಬಿಸಿಲಿನಲ್ಲಿ ಮಲಗಿಸಿ ಆರೈಕೆ ಮಾಡಿದ್ದರು.

ಚಿತ್ರದುರ್ಗದಲ್ಲಿ ನನಗೆ ಗೊತ್ತಿದ್ದ ಹಿರಿಯ ವೈದ್ಯರೊಬ್ಬರು ಕೆಮ್ಮಿನವರನ್ನು ಒಳಗೆ ಕೂರಿಸುತ್ತಲೇ ಇರಲಿಲ್ಲ. ಅಂಗಳದ ಹೊಂಗೆ ಮರದ ಕೆಳಗೆ ಅವರಿಗೇ ಬೇರೆ ಬೆಂಚು. ಕಾಂಪೌಂಡರ್ ಜಗಲಿಯಲ್ಲೇ ನಿಂತು ಯಾರಿಗೆ ದಮ್ಮು, ಯಾರಿಗೆ ಬರೀ ನೆಗಡಿ ಎಂದು ಕೇಳಿ ಚೀಟಿ ಕೊಡುತ್ತಿದ್ದ. ಈಗ ಜಗಲಿಯೂ ಇಲ್ಲ, ಕಾಂಪೌಂಡರೂ ಇಲ್ಲ. ಹೊಸ ಕಟ್ಟಡಗಳಲ್ಲಿ ಕ್ಲಿನಿಕ್ ಎಂದರೆ ಶಟರ್ ಎಳೆಯುವ ಮಳಿಗೆ, ಹಿಂದುಗಡೆ ಕುರುಡು ಗೋಡೆ. ಇಂಥದ್ದಕ್ಕೆ ನಕ್ಷೆ ಮಂಜೂರು ಮಾಡುವವರು ಯಾರು, ಆಕ್ಷೇಪಿಸದೆ ಬಾಡಿಗೆ ಹಿಡಿಯುವ ವೈದ್ಯರು ಯಾರು ಎಂದು ಯಾರೂ ಕೇಳುವುದಿಲ್ಲ.

ಸಾಲ ಮಾಡುವ ಬದಲು ನಿಮ್ಮ ಚೀಟಿ ಬರೆಯುವ ಹುಡುಗಿಯ ಮೇಲೆ, ಆಯಾ ಮೇಲೆ ಖರ್ಚು ಮಾಡಿ. ಸೋಂಕು ನಿಮಗಿಂತ ಮೊದಲು ಅವರನ್ನು ಮುಟ್ಟುತ್ತದೆ. ವೈರಸ್ ವೇಷ ಬದಲಿಸುವುದರಿಂದ ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಅವರಿಬ್ಬರಿಗೂ ಫ್ಲೂ ಲಸಿಕೆ ಹಾಕಿಸಿ. ಹೊಸ ವೈರಸ್ಸಿಗೆ ಆ ಲಸಿಕೆ ಸಾಲದೆ ಹೋಗಬಹುದು, ಆದರೆ ಲಸಿಕೆ ಪ್ರತಿವರ್ಷದ ರೂಢಿಯಾದ ಕ್ಲಿನಿಕ್‌ನಲ್ಲಿ ಹೊಸ ಲಸಿಕೆ ಬಂದ ದಿನ ಯಾರನ್ನೂ ಬೇಡಿಕೊಳ್ಳಬೇಕಿಲ್ಲ. ಜ್ವರ ಬಂದರೆ ಸಂಬಳ ಕಡಿಯದೆ ರಜೆ ಕೊಡಿ. ಕೂಲಿ ಹೋಗುತ್ತದೆಂಬ ಭಯಕ್ಕೆ ಕೆಮ್ಮು ಮುಚ್ಚಿಟ್ಟು ಬರುವ ಆಯಾಳನ್ನು ಯಾವ ಯಂತ್ರವೂ ಹಿಡಿಯಲಾರದು. ರೋಗಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಸೋಂಕು ಹರಡಬಲ್ಲದು ಎಂಬುದನ್ನೂ ಅವರಿಗೆ ಬಿಡಿಸಿ ಹೇಳಿ.

ಜ್ವರ ಎಂದ ಕೂಡಲೇ ‘ಒಂದು ಇಂಜೆಕ್ಷನ್ ಹಾಕಿಬಿಡಿ’ ಎನ್ನುವ ನಮ್ಮ ಜನ, ಹಾಕಿಯೇಬಿಡುವ ನಿಮ್ಮ ಜನ! ವೈರಸ್ಸಿಗೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ. ಆದರೆ 1918ರಲ್ಲಿ ಸತ್ತವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಫ್ಲೂ ಬೆನ್ನಿಗೆ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾ. ಆದ್ದರಿಂದ ಇಳಿದ ಜ್ವರ ಮತ್ತೆ ಏರಿದರೆ ಓಡಿ ಬನ್ನಿ ಎಂದು ಚೀಟಿಯ ಹಿಂದೆ ಕನ್ನಡದಲ್ಲಿ ಅಚ್ಚು ಹಾಕಿಸಿ. ಮೇಜಿನ ಮೇಲೆ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಇರಲಿ. ಒಸೆಲ್ಟಾಮಿವಿರ್ ಮೊದಲ 48 ಗಂಟೆಗಳಲ್ಲಿ ಕೊಟ್ಟರೆ ಹೆಚ್ಚು ಫಲ, ಅದಕ್ಕಾದರೂ ನಿಮ್ಮ ಬಾಗಿಲು ತೆರೆದಿರಬೇಕು.

ಆ 1918ರ ಜ್ವರ ಮುಂಬಯಿಗೆ ಹಡಗಿನಲ್ಲಿ ಬಂದು ರೈಲಿನಲ್ಲಿ ಒಳನಾಡಿಗೆ ಇಳಿಯಿತು. ಭಾರತದಲ್ಲಿ ಕೋಟಿಗೂ ಹೆಚ್ಚು ಜನ ಸತ್ತರು, 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಹತ್ತು ವರ್ಷದ ಹಿಂದಿಗಿಂತ ಕಡಿಮೆ ಕಂಡಿತು. ಆದರೂ ನಾನು ಓದಿದ ಪಾಠಗಳಲ್ಲಿ ಅದಕ್ಕೊಂದು ಸಾಲಿರಲಿಲ್ಲ. ಓಬವ್ವನನ್ನು ನೆನೆಯುವ ಜಿಲ್ಲೆಯಲ್ಲಿ, ಆ ಜ್ವರದ ನಡುವೆ ರೋಗಿಗಳ ಆರೈಕೆ ಮಾಡಿದ ಹೆಂಗಸರನ್ನು ನೆನೆಯುವವರಿಲ್ಲ. ಹೊಸ ಯಂತ್ರದ ಉದ್ಘಾಟನೆಗೆ ಮುಖಪುಟ ಕೊಡುವ ನಾವು ಪತ್ರಿಕೆಯವರು ಆರೈಕೆಗೆ ಮೂಲೆಯನ್ನೂ ಕೊಡುವುದಿಲ್ಲ.

ಕೊನೆಗೆ ನೀವು ಕೇಳದೇ ಬಿಟ್ಟ ಪ್ರಶ್ನೆ: ನೀವೇ ಮಲಗಿದರೆ? ನಿಮ್ಮ ಬೀದಿಯಲ್ಲಿ ಇನ್ನೂ ಇಬ್ಬರು ವೈದ್ಯರಿದ್ದಾರೆ ಎಂದಿದ್ದೀರಿ. ಪೈಪೋಟಿ ಬದಿಗಿಟ್ಟು ಈ ವಾರವೇ ಅವರನ್ನು ಕಾಣಿರಿ. ಒಬ್ಬರು ಮಲಗಿದರೆ ಅವರ ಸಕ್ಕರೆ ಕಾಯಿಲೆಯವರನ್ನು, ಗರ್ಭಿಣಿಯರನ್ನು ಯಾರು ನೋಡಬೇಕು, ಯಾವ ಹೊತ್ತಿನಲ್ಲಿ ಯಾರ ಬಾಗಿಲು ತೆರೆದಿರಬೇಕು ಎಂದು ಮೂವರೂ ಕೂತು ಬರೆದಿಟ್ಟುಕೊಳ್ಳಿ. ಔಷಧಿ ಅಂಗಡಿಯವರಿಗೂ ಅದರ ಒಂದು ಪ್ರತಿ ಕೊಡಿ.

— ಸಂಪಾದಕ