ಕೊರಟಗೆರೆ ಹತ್ತಿರ ಬೆಟ್ಟದ ಬುಡದ ಜಮೀನು, 800 ಅಡಿ ಕೊರೆಸಿದರೂ ನೀರಿಲ್ಲ. ಇನ್ನೂ ಆಳಕ್ಕೆ ಹೋಗಬಹುದಾ?

ಬೇಡ, ಬೋರ್ ಕೊರೆಯುವ ರಿಗ್ ಗಾಡಿ ವಾಪಸ್ ಕಳಿಸಿಬಿಡಿ. ನಮ್ಮ ತೋಟವೂ ಜಯಮಂಗಲಿ ಹೊಳೆಯ ಬಯಲಲ್ಲೇ ಇದೆ, ಸುತ್ತ ಬೆಟ್ಟ. ಅಡಿಕೆ ಒಣಗುತ್ತಿದ್ದಾಗ ನಾನೂ ಇದನ್ನೇ ಎಲ್ಲರ ಹತ್ತಿರ ಕೇಳಿದ್ದೆ.

ನಾನು ಬೋರ್‌ಗೆ ಜಾಗ ಗುರುತು ಮಾಡಿಸಿದ್ದು ಬೆಟ್ಟದ ಬುಡಕ್ಕೇ. ಮೇಲೆ ಬಿದ್ದ ಮಳೆಯೆಲ್ಲ ಅಲ್ಲಿಗೇ ಇಳಿಯುತ್ತೆ ಅಲ್ವಾ ಅಂತ. ಇಳಿಯುವುದು ನಿಜ, ಆದರೆ ನಿಲ್ಲಲು ಜಾಗ ಇಲ್ಲ. ರಾಮನಗರದಿಂದ ಮಾಗಡಿ, ಮಧುಗಿರಿ, ಪಾವಗಡದ ಕಡೆ ಸಾಗುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿ ನಮ್ಮದು. ಸುಮಾರು 250 ಕೋಟಿ ವರ್ಷದ ಕಲ್ಲು. ಇದು ತಾನಾಗಿ ನೀರು ಹೀರುವುದಿಲ್ಲ. ನೀರಿರುವುದು ಮೇಲಿನ ಸವೆದ ಗರಸಿನ ಪದರದಲ್ಲಿ, ಇಲ್ಲವೇ ಅದರ ಕೆಳಗಿನ ಬಿರುಕುಗಳಲ್ಲಿ. ಬಿರುಕು ಕಡಿಮೆ ಇದ್ದು ಸವೆಯದೆ ಉಳಿದ ಕಲ್ಲೇ ಬೆಟ್ಟವಾಗಿ ನಿಂತಿರುವುದು. ಅದರ ಬುಡದಲ್ಲೂ ಬಹಳ ಕಡೆ ಅದೇ ಬಂಡೆ.

ನಮ್ಮ ಬೋರ್‌ನಲ್ಲಿ ಕೇಸಿಂಗ್, ಅಂದರೆ ಮೇಲಿನ ಮಣ್ಣು ಕುಸಿಯದಂತೆ ಇಳಿಸುವ ಪೈಪು, ಇಪ್ಪತ್ತು ಅಡಿಗೇ ನಿಂತಿತು. ಗಟ್ಟಿ ಕಲ್ಲು ಸಿಗುವ ತನಕ ತಾನೇ ಕೇಸಿಂಗ್ ಇಳಿಸುವುದು? ಅಂದರೆ ನೀರು ಹಿಡಿಯುವ ಪದರ ಅಷ್ಟೇ ತೆಳು. ಅದನ್ನು ನಾನು ಕಣ್ಣಾರೆ ನೋಡಿದೆ, ಅರ್ಥ ಮಾಡಿಕೊಳ್ಳಲಿಲ್ಲ. ಆಮೇಲೆ ಬಂದಿದ್ದೆಲ್ಲ ಬಿಳಿ ಪುಡಿ. ನೀರು ಓಡಾಡಿದ ಬಿರುಕು ಸಿಕ್ಕರೆ ಸಾಮಾನ್ಯವಾಗಿ ಪುಡಿ ಕಂದು ಬಣ್ಣಕ್ಕೆ ತಿರುಗುತ್ತದೆ, ಕಲ್ಲಿಗೆ ತುಕ್ಕು ಹಿಡಿದಿರುತ್ತದೆ. ನಮಗೆ ಒಂದು ಕಡೆಯೂ ಅದು ಕಾಣಲಿಲ್ಲ. ಆದರೂ "ಇನ್ನೊಂದು ನೂರಡಿ" ಅಂತ ನಾನೇ ಹೇಳುತ್ತಾ ಹೋದೆ. ರಿಗ್‌ನವರಿಗೆ ಅಡಿ ಲೆಕ್ಕದ ದುಡ್ಡು, ಅವರು ಯಾಕೆ ಬೇಡ ಅಂತಾರೆ? ಹೆಂಡತಿಯ ಒಡವೆ ಅಡವಿಟ್ಟು ತಂದ ದುಡ್ಡು ಅಲ್ಲೇ ಮುಗಿಯಿತು.

ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಬಿರುಕುಗಳು ಬಿಗಿಯುತ್ತವೆ. ಅಲ್ಲಿ ನೀರು ಸಿಕ್ಕರೂ ಅದು ಬಹಳ ಕಾಲ ಕಲ್ಲಿನ ಜೊತೆಗೇ ಇದ್ದ ನೀರು, ಫ್ಲೋರೈಡ್ ಜಾಸ್ತಿ ಇರಬಹುದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ.

ಹಾಗಾಗಿ ಎಷ್ಟು ಅಡಿ ಅನ್ನುವ ಪ್ರಶ್ನೆಯನ್ನೇ ಬಿಡಿ. ಎಲ್ಲಿ ಅಂತ ಕೇಳಿ. ನಮ್ಮ ಹಿರಿಯರು ತಗ್ಗಿನಲ್ಲಿ, ಹಳ್ಳದ ಮರಳಲ್ಲಿ ತಲಪರಿಗೆ (ನೀರು ತಾನಾಗಿ ಜಿನುಗುವ ಊಟೆಗುಂಡಿ) ತೋಡಿ ಗದ್ದೆಗೆ ಕಾಲುವೆ ಹರಿಸುತ್ತಿದ್ದರು. ನೀರು ಅಷ್ಟು ಮೇಲಿತ್ತು. ಮರಳು ಎತ್ತಿದ್ದೇವೆ, ಬೋರ್‌ಗಳಿಂದ ಮೇಲಿನ ಪದರವನ್ನೂ ಬರಿದು ಮಾಡಿದ್ದೇವೆ. ಈಗ ಮೊದಲು ಆ ಪದರ ತುಂಬಬೇಕು. ನಾನು ಹಳೇ ತೆರೆದ ಬಾವಿಯ ಹೂಳು ತೆಗೆಸಿ, ಮಳೆನೀರು ಸೋಸಿ ಅದಕ್ಕೇ ಬಿಡುತ್ತಿದ್ದೇನೆ. ಅರ್ಧ ಅಡಿಕೆ ತೆಗೆದು ರಾಗಿ ಹಾಕಿದ್ದೇನೆ.

ಬೋರ್ ಬೇಕೇ ಬೇಕು ಅಂದರೆ ಹೊಳೆ ಕಡೆಯ ತಗ್ಗಿನಲ್ಲಿ, ನೆಲಕ್ಕೆ ಕರೆಂಟ್ ಹಾಯಿಸಿ ಪದರದ ದಪ್ಪ ಅಳೆಯುವ ಪರೀಕ್ಷೆ ಮಾಡಿಸಿ. ಅದಕ್ಕೂ ಮೊದಲು ಅಕ್ಕಪಕ್ಕದವರ ಬೋರ್‌ಗಳಲ್ಲಿ ಕೇಸಿಂಗ್ ಎಷ್ಟು ಅಡಿ ಇಳಿದಿದೆ ಅಂತ ಕೇಳಿ ಇಲ್ಲಿ ಬರೆಯಿರಿ. ನೋಡಿ ಹೇಳುತ್ತೇನೆ.