ಸ್ಕೂಟರ್ ಬೇಡ, ರೂಮು ಬದಲಿಸಿ

ಪತ್ರ: ನನ್ನದು ಬೆಳ್ತಂಗಡಿ ಕಡೆಯ ಊರು. ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ, ಸಂಬಳ 16,000. ಬಾಡಿಗೆ ಕಡಿಮೆ ಅಂತ ಗೆಳತಿಯರ ಜೊತೆ ಸುರತ್ಕಲ್‌ನಲ್ಲಿದ್ದೇನೆ. ಬಸ್ಸಲ್ಲಿ ನಿಂತು ನಿಂತು ಸಾಕಾಗಿದೆ. ಸಾಲ ಮಾಡಿ ಸ್ಕೂಟರ್ ತಗೊಳ್ಳಲಾ? ಇಷ್ಟು ಸಂಬಳದಲ್ಲಿ ಮಂಗಳೂರಲ್ಲಿ ಖುಷಿಯಾಗಿ ಬದುಕಲು ಆಗುತ್ತದಾ?
– ಒಬ್ಬ ಓದುಗಿ

ಉತ್ತರ: ಆಗುತ್ತದೆ ತಂಗಿ. ಆದರೆ ಕಂತಿನ ಸ್ಕೂಟರ್ ಹತ್ತಿದರೆ ಆಗುವುದಿಲ್ಲ.

ಅಂಗಡಿ ಮುಚ್ಚುವುದು ತಡವಾದ ರಾತ್ರಿ ಸ್ಕೂಟರ್ ಅನುಕೂಲ, ಒಪ್ಪಿದೆ. ಅಷ್ಟೇ. ಆಮೇಲೆ ಪೆಟ್ರೋಲು, ಇನ್ಶೂರೆನ್ಸು, ಅದರ ಮೇಲೆ ನಮ್ಮ ಮಳೆ. ರೈನ್‌ಕೋಟ್ ಹಾಕಿಯೂ ಚಂಡಿಯಾಗಿ ಹೋಗಿ ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುತ್ತೀರಾ? ಅದರ ಬದಲು ಅಂಗಡಿಗೆ ನಡೆದು ಹೋಗುವಷ್ಟು ಹತ್ತಿರ ರೂಮು ನೋಡಿ. ಬಾಡಿಗೆ ಜಾಸ್ತಿಯಾಗಲಿ, ಬಸ್ಸಿನ ದುಡ್ಡು, ದಿನದ ಎರಡು ಗಂಟೆ ನಿಮ್ಮ ಕೈಯಲ್ಲೇ ಉಳಿಯುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ಬಂದರಿನ ಹಂಚಿನ ಮನೆಯ ಒಂದೇ ಕೋಣೆಯಲ್ಲಿ ಮೂವರಿದ್ದೆವು. ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು. ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನು. ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ ಬೋಟು ನಿಲ್ಲುವ ದಕ್ಕೆಗೆ ನಡೆದು ಹೋಗಿ ಬೂತಾಯಿ ಮೀನು ತರುತ್ತಿದ್ದೆವು. ಕಟೀಲು ಮೇಳದ ಯಕ್ಷಗಾನ ಆಟಕ್ಕೆ ಟಿಕೆಟ್ ಇರಲಿಲ್ಲ, ಬೆಳಗಿನವರೆಗೆ ಕೂತರೂ ಕೇಳುವವರಿರಲಿಲ್ಲ. ಬಡತನ ಅಂತ ಅನಿಸಲೇ ಇಲ್ಲ. ಪ್ರಾಯವೂ ಇತ್ತು ಅನ್ನಿ.

ಸಂಜೆ ಪಿಗ್ಮಿಯವರು, ಅಂದರೆ ದಿನದ ಉಳಿತಾಯದ ದುಡ್ಡು ಕಟ್ಟಿಸಿಕೊಳ್ಳುವ ಬ್ಯಾಂಕಿನ ಏಜೆಂಟರು, ಬರುತ್ತಿದ್ದರು. ಕಂಕುಳಲ್ಲಿ ಕೊಡೆ, ಕಿಸೆಯಲ್ಲಿ ರಸೀದಿ ಪುಸ್ತಕ. ಬಾಗಿಲಲ್ಲೇ ನಿಂತು, "ಇವತ್ತು ಎಷ್ಟು ಮಾರಾಯ್ರೆ?" ಎನ್ನುತ್ತಿದ್ದರು. ಆ ಮುಖ ನೋಡಿ "ನಾಳೆ" ಅನ್ನಲು ನಾಚಿಕೆ. ನನ್ನ ಉಳಿತಾಯವೆಲ್ಲ ಆ ನಾಚಿಕೆಯಿಂದ ಆದದ್ದು. ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ, 1928ರಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಶುರುಮಾಡಿದ್ದು. ದಿನಕ್ಕೆ 2 ಆಣೆ ಕೊಟ್ಟರೂ ಸಾಕಿತ್ತು. ಆ ಬ್ಯಾಂಕೂ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. ಎರಡಾಣೆ ಕೂಡಿಡಿ ಅಂತ ಮನೆಬಾಗಿಲಿಗೆ ಬರುತ್ತಿದ್ದ ಊರಲ್ಲಿ ಈಗ ಊಟದ ಹೊತ್ತಿಗೆ ಫೋನ್ ಮಾಡಿ ಸಾಲ ತಗೊಳ್ಳಿ ಅಂತಾರೆ. ನಿಮಗೂ ಸ್ಕೂಟರ್ ಆಸೆ ಹುಟ್ಟಿದ್ದು ಅಂಥದೇ ಒಂದು ಫೋನಿನಿಂದ ಅಲ್ವಾ?

ಬಸ್ಸಿನ ವಿಷಯದಲ್ಲಿ ಮಾತ್ರ ನಿಮ್ಮ ಸಿಟ್ಟು ನ್ಯಾಯವೇ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರಕಾರಿ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂತು. ನೀವು ಊರಿನಿಂದ ಬಿಜೈ ಬಸ್ ಸ್ಟ್ಯಾಂಡಿನವರೆಗೆ ಸರಕಾರಿ ಬಸ್ಸಲ್ಲಿ ಬಿಟ್ಟಿಯಾಗಿ ಬರಬಹುದು. ಅಲ್ಲಿಂದ ಸುರತ್ಕಲ್‌ಗೆ ದುಡ್ಡು ಬಿಚ್ಚಬೇಕು, ಯಾಕೆಂದರೆ ಸಿಟಿಯಲ್ಲಿ ಓಡುವುದು ಹೆಚ್ಚಿನವು ಖಾಸಗಿ ಬಸ್ಸುಗಳು. ವರ್ಷಕ್ಕೆರಡು ಸಲ ಊರಿಗೆ ಹೋಗಲು ಪುಕ್ಕಟೆ, ದಿನಾ ದುಡಿಯಲು ಹೋಗುವುದಕ್ಕೆ ಟಿಕೆಟ್!

ನಡೆಯಿರಿ ಅಂದೆ. ಎಲ್ಲಿ ನಡೆಯುವುದು ಅಂತ ನೀವು ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಕಳೆದ ಮಳೆಗಾಲದಲ್ಲಿ ಫುಟ್‌ಪಾತಿನ ಚಪ್ಪಡಿ ಮಗುಚಿ, ನನ್ನ ಒಂದು ಕಾಲು ಮೊಣಕಾಲವರೆಗೆ ಚರಂಡಿಗೆ ಹೋಯಿತು. ಮಲ್ಲಿಗೆ ಮಾರುವ ಹೆಂಗಸೊಬ್ಬರು ಕೈಹಿಡಿದು ಎತ್ತಿದರು. ಕಾಲು ಬಂತು. ಚಪ್ಪಲಿ ಅಲ್ಲೇ ಇದೆ.