ವಿಮಾನ ಹತ್ತುವ ಮುಂಚೆ ಬರ್ಗರ್: ಹೊಟ್ಟೆ ಉಬ್ಬುವುದು ಯಾಕೆ?

ಪ್ರಶ್ನೆ: ಕೆಲಸದ ಮೇಲೆ ಆಗಾಗ ದೆಹಲಿಗೆ ಹೋಗುತ್ತಿರುತ್ತೇನೆ. ರಾತ್ರಿ ಮನೆಯಲ್ಲಿ ಊಟ ಮುಗಿಸಿ ಮೈಸೂರಿನಿಂದ ಬಸ್ ಹತ್ತುತ್ತೇನೆ. ಬೆಳಗಿನ ಜಾವ ದೇವನಹಳ್ಳಿ ಮುಟ್ಟುವಷ್ಟರಲ್ಲಿ ಹಸಿವು. ಸೆಕ್ಯುರಿಟಿ ಚೆಕ್ ಮುಗಿಸಿ ಬರ್ಗರ್, ಫ್ರೈಸ್, ಕೋಲಾ ತಗೊಳ್ಳುತ್ತೇನೆ. ವಿಮಾನ ಮೇಲೇರಿದ ಮೇಲೆ ಹೊಟ್ಟೆ ಉಬ್ಬರ, ತೇಗು. ಇದಕ್ಕೆ ಬರ್ಗರ್ ಕಾರಣವೇ? ಮನೆಯಿಂದ ಪುಳಿಯೋಗರೆ ಒಯ್ಯಬಹುದೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಬರ್ಗರ್ ಒಂದನ್ನೇ ಬೈಯಬೇಡಿ. ನನ್ನ ಮೊದಲ ಅನುಮಾನ ಕೋಲಾದ ಮೇಲೆ.

ಊಟಿಗೆ ಹೋಗುವಾಗ ಮೈಸೂರಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ ಘಟ್ಟ ಹತ್ತಿದ ಮೇಲೆ ಬಿಗಿದು ಉಬ್ಬುವುದನ್ನು ನೋಡಿರುತ್ತೀರಿ, ಅಲ್ವಾ? ವಿಮಾನದಲ್ಲಿ ನಿಮ್ಮ ಹೊಟ್ಟೆಗೆ ಆಗುವುದೂ ಅದೇ. ವಿಮಾನ 35,000 ಅಡಿ ಮೇಲೆ ಹಾರಿದರೂ ಒಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟೇ ಇರುತ್ತದೆ. ಊಟಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಒತ್ತಡ ಇಳಿದಂತೆ ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ. ದೇವನಹಳ್ಳಿ ಆಗಲೇ 3,000 ಅಡಿ ಎತ್ತರದಲ್ಲಿರುವುದರಿಂದ ನಿಮಗೆ ಸುಮಾರು ಐದನೇ ಒಂದು ಪಾಲು ಜಾಸ್ತಿ ಆಗಬಹುದು. ಚೆನ್ನೈನಿಂದ ಹತ್ತಿದವರಿಗೆ ಇನ್ನೂ ಜಾಸ್ತಿ.

ಕೋಲಾ ಕುಡಿದರೆ ಆ ಗಾಳಿಯನ್ನು ನೀವೇ ತುಂಬಿಕೊಂಡಂತೆ. ಸ್ಟ್ರಾ ಹಾಕಿ ಹೀರಿದರೆ, ಬೋರ್ಡಿಂಗ್ ಕರೆದರು ಅಂತ ಗಬಗಬ ನುಂಗಿದರೆ ಇನ್ನಷ್ಟು ಗಾಳಿ ಒಳಗೆ ಹೋಗುತ್ತದೆ. ಕರಿದದ್ದು ಹೊಟ್ಟೆಯಿಂದ ಬೇಗ ಇಳಿಯುವುದೂ ಇಲ್ಲ. ಫ್ರೈಸಿನ ಉಪ್ಪು ಬಾಯಾರಿಸುತ್ತದೆ, ವಿಮಾನದೊಳಗಿನ ಗಾಳಿ ಮೊದಲೇ ಒಣ.

ಇನ್ನೊಂದು ಮಾತು. ಹಿಂದಿನ ರಾತ್ರಿ ಮನೆಯಲ್ಲಿ ಏನು ಉಂಡಿರಿ ಅಂತ ನೀವು ಬರೆದಿಲ್ಲ. ಮುದ್ದೆ, ಹುರುಳಿಕಾಳು ಬಸ್ಸಾರು ಆಗಿದ್ದರೆ, ಕಾಳಿನ ಗ್ಯಾಸ್ ಏಳುವುದು ಉಂಡು ಎಷ್ಟೋ ಗಂಟೆಯ ಮೇಲೆ, ಅಂದರೆ ಸರಿಯಾಗಿ ವಿಮಾನದಲ್ಲಿ. ಪಾಪ, ಬರ್ಗರಿಗೆ ಸುಮ್ನೆ ಕೆಟ್ಟ ಹೆಸರು! ಪ್ರಯಾಣದ ಹಿಂದಿನ ರಾತ್ರಿ ಕಾಳು, ಎಲೆಕೋಸು ಬೇಡ. ಅನ್ನ, ತಿಳಿಸಾರು ಸಾಕು.

ವಿಮಾನ ನಿಲ್ದಾಣದಲ್ಲಿ ಇಡ್ಲಿ ಸಿಕ್ಕರೆ ಒಳ್ಳೆಯದು. ಬರ್ಗರೇ ಬೇಕು ಅನ್ನಿಸಿದರೆ ತಿನ್ನಿ, ಆದರೆ ಕಾಂಬೊ ತಗೊಳ್ಳಬೇಡಿ. ಬರ್ಗರ್ ಒಂದು, ಜೊತೆಗೆ ನೀರು. ವಿಮಾನ ಹೊರಡುವುದಕ್ಕೆ ಒಂದು ಗಂಟೆ ಮುಂಚೆಯೇ ಕೂತು ನಿಧಾನವಾಗಿ ತಿನ್ನಿ. ಇನ್ಸುಲಿನ್ ತಗೊಳ್ಳುವವರು ಮಾತ್ರ ಊಟದ ಹೊತ್ತು ಬದಲಿಸುವ ಮುನ್ನ ವೈದ್ಯರನ್ನು ಕೇಳಬೇಕು. ನೆಲದ ಮೇಲಿದ್ದಾಗಲೂ ಹೊಟ್ಟೆ ಉಬ್ಬುತ್ತಿದ್ದರೆ ನೀವೂ ಒಮ್ಮೆ ತೋರಿಸಿಕೊಳ್ಳಿ.

ಪುಳಿಯೋಗರೆ ಧಾರಾಳವಾಗಿ ಒಯ್ಯಿರಿ. ಹುಣಸೆಹುಳಿ ಇರುವುದರಿಂದ ಬರೀ ಅನ್ನಕ್ಕಿಂತ ತಾಳುತ್ತದೆ. ಹೊರಡುವ ಹೊತ್ತಿಗೆ ಹೊಸದಾಗಿ ಕಲಸಿ, ಹರವಿ ಆರಿಸಿ ತುಂಬಿ. ಬಿಸಿಯಲ್ಲೇ ಮುಚ್ಚಿದರೆ ಡಬ್ಬಿ ಬೆವರಿ ಬೇಗ ಹಳಸುತ್ತದೆ. ಮೊಸರನ್ನ ಬೇಡ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ತಪಾಸಣೆಯಲ್ಲಿ ತೆಗೆಸಿಬಿಡಬಹುದು. ದೆಹಲಿಯ ನೆಂಟರಿಗೆ ಅಂತ ಕೊಬ್ಬರಿ ಗಿಟುಕನ್ನೂ ಹಾಕಿಕೊಳ್ಳಬೇಡಿ. ಎಣ್ಣೆ ಅಂಶ ಇರುವ ಅದು ಬೆಂಕಿ ಹತ್ತಬಲ್ಲ ವಸ್ತುಗಳ ಪಟ್ಟಿಯಲ್ಲಿದೆ.